ಹೊಸ್ತಿಲ ಮ್ಯಾಲ ಸುರುವಿದ ಉಡಿ

ಅತ್ತಿ ಮನಿ ಹೊಸ್ತಿಲ ಮ್ಯಾಲ ಉಡಿ ಝಾಡಿಸಿ ಬಂದೆ ನೋಡ್ರಿ, ಆವತ್ತು ನನಗ ಭಾಳ ಸಮಾಧಾನ ಆಗಿತ್ತು. ಆ ಸಮಾಧಾನ ಕಮಲಾಪುರದಿಂದ ಮಹಾಗಾಂವ ತನಕ ಬಂತು. ಮಹಾಗಾಂವದಾಗ ಗಾಡಿ ನಿಂತಿತು, ಹಸಿವಿ ಆಯ್ತು, ಹೊಟ್ಟ್ಯಾಗಿನ ಕೂಸು ಒಮ್ಮೆ ಒದ್ದಿತು. ಅಲ್ಲಿಗೆ ಮುಗೀತು ಸಮಾಧಾನ.

ಮೊದಲಿಂದ ಹೇಳ್ತೀನಿ. ನಡುವಿಂದ ಹೇಳಿದ್ರ ನಮ್ಮ ದೊಡ್ಡವ್ವ ಬೈತಾಳ. ದೊಡ್ಡವ್ವ ಅಂದ್ರ ನಮ್ಮವ್ವನ ಅಕ್ಕ. ನಮ್ಮವ್ವ ನಾ ಸಣ್ಣಾಕಿ ಇದ್ದಾಗೇ ಹೋದಳು, ಸಾಕಿದಾಕಿ ಈಕಿ. ಕಲಬುರಗ್ಯಾಗ ಮೋಮಿನಪುರದ ಅಂಚಿಗೆ ನಮ್ಮದೊಂದು ಖೋಲಿ ಅದ. ದೊಡ್ಡವ್ವ ಜ್ವಾಳದ ರೊಟ್ಟಿ ಬಡದು ಮಾರ್ತಾಳ. ಮಸೀದಿ ಬಾಂಗ್ ಮುಗಿದ ಕೂಡ್ಲೆ ಈಕಿ ರೊಟ್ಟಿ ಬಡಿಯೋ ಸಪ್ಪಳ ಸುರು ಆಗ್ತದ, ಎರಡಕ್ಕೂ ಏಳಲಾರದವರು ನಮ್ಮ ಓಣ್ಯಾಗ ಯಾರೂ ಇಲ್ಲ.

ನಾ ಹತ್ತಿ ಬೀಜ ಬಿಡಿಸೋ ಜಿನ್ನಿನ ಕಾರಖಾನ್ಯಾಗ ಕೆಲಸಕ್ಕ ಹೋಗ್ತಿದ್ದೆ. ಗಾಡಿಗಟ್ಟಲೆ ಹತ್ತಿ ಬರ್ತಿತ್ತು, ನಾವು ಹೆಂಗಸರು ಕಸ ಆರಿಸಿ ಯಂತ್ರದ ಬಾಯಿಗೆ ಹಾಕೋದು. ಕಮಲಾಪುರದ ಕಡಿಂದ ಹತ್ತಿ ಗಾಡಿ ಹೊಡಕೊಂಡು ಬರೋನೇ ಮುಂದ ನನ್ನ ಗಂಡ ಆದ. ಹಿರಿಯರು ಕೂಡಿ, ಅಕ್ಕಿಕಾಳು ಹಾಕಿ ಮಾಡಿದ ಲಗ್ನ ಮತ್ತ, ಕದ್ದು ಮುಚ್ಚಿ ಅಲ್ಲ. ಇದನ್ನ ಯಾಕ ಒತ್ತಿ ಹೇಳ್ಲಕತ್ತೀನಿ ಅಂದ್ರ ಮುಂದ ಬೇಕಾಗ್ತದ. ಲಗ್ನ ಆದ ಮ್ಯಾಲೂ ಕೆಲಸದ ಸಲುವಾಗಿ ನಾ ದೊಡ್ಡವ್ವನ ಖೋಲ್ಯಾಗೇ ಇದ್ದೆ, ಅಂವ ಗಾಡಿ ಜೋಡಿ ಬಂದು ಹೋಗ್ತಿದ್ದ.

ನನಗ ಅಕ್ಷರದ ಹುಚ್ಚು. ಸಾಲಿಗೆ ಹೋದಾಕಿ ಅಲ್ಲ ನಾ. ನಮ್ಮ ಓಣಿ ಅಂಗಡ್ಯಾಗ ಚುರಮರಿ ಕಟ್ಟಿ ಕೊಡ್ಲಿಕ್ಕೆ ಒಂದು ಹಳೀ ಕನ್ನಡ ಪುಸ್ತಕ ಹರೀತಿದ್ದರು. ದಿನಾ ಒಂದು ಪುಡಿಕಿ ಚುರಮರಿ ತಂದು ತಿಂದು, ಕಾಗದ ಬಿಡಿಸಿ ಓದ್ಲಿಕ್ಕೆ ಕಲತೆ. ಒಂದಿನ 'ಕ' ಸಿಗ್ತಿತ್ತು, ಒಂದಿನ ಮೂರನೇ ಪಾಠದ ಅರ್ಧ ನರಿ. ಆ ನರಿ ದ್ರಾಕ್ಷಿ ತಿಂತೋ ಬಿಡ್ತೋ ಇನ್ನೂ ನನಗ ಗೊತ್ತಿಲ್ಲ, ಆ ಹಾಳಿ ಬ್ಯಾರೆ ಯಾರದೋ ಚುರಮರಿಗೆ ಹೋಯ್ತು. ನನ್ನ ಗಂಡ ನಗತಿದ್ದ: "ಕೂಸು ಗಂಡಾದ್ರ ಎತ್ತು ಹೊಡೀತದ, ಹೆಣ್ಣಾದ್ರ ನಿನ್ನಂಗ ಕಾಗದ ತಿಂತದ."

ಇದು ಅಂವ ಸಂಕ್ರಾಂತಿ ಮುಂದ ಹೇಳಿದ ಮಾತು. ಆವಾಗ ನನಗ ಎರಡು ತಿಂಗಳು. ಸಂಕ್ರಾಂತಿ ಆದ ಮ್ಯಾಲ ಇಬ್ಬರು ಗೆಳೆಯಾರ ಜೋಡಿ ರೈಲ್ ಹತ್ತಿ ಮುಂಬೈ ಗಿರಣಿಗೆ ಹೋದ. ಯುಗಾದಿಗೆ ಸೀರಿ ತರ್ತೀನಿ ಅಂದಿದ್ದ. ಯುಗಾದಿ ಬಂತು, ಬೇವು ತಿಂದೆವು, ಸೀರಿನೂ ಇಲ್ಲ, ಅಂವನೂ ಇಲ್ಲ. ಗೆಳೆಯಾರೊಳಗ ಒಬ್ಬ ತಿರುಗಿ ಬಂದು, "ಅಂವ ಬ್ಯಾರೆ ಗಿರಣಿಗೆ ಹೋದ, ಆಮ್ಯಾಲ ಕಂಡಿಲ್ಲ" ಅಂದ. ಅಷ್ಟೇ.

ಅದೇ ಹೊತ್ತಿಗೆ ನನ್ನ ಕೆಲಸನೂ ಹೋಯ್ತು. ಕೆಲಸ ಮಾಡಿಸೋ ಮುಕಾದಮ ನನ್ನ ಹೊಟ್ಟಿ ನೋಡಿದ, ಬಗ್ಗಲಾರದ್ದು ನೋಡಿದ. "ತಂಗಿ, ನೀ ಈಗ ಹತ್ತಿ ಆರಿಸಬ್ಯಾಡ, ಹತ್ತಿ ಮ್ಯಾಲ ಮಲಕೊ ಹೋಗು" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಹೋದ್ರ ಗೇಟಿನ್ಯಾಗ ಬಿಡಲಿಲ್ಲ. ಮೂರು ಕಡಿ ಕೇಳಿದೆ. ಭಾಂಡೆ ತಿಕ್ಕೋ ಕೆಲಸಾನೂ ಸಿಗಲಿಲ್ಲ. ಬಸುರೀ ಹೆಂಗಸಿಗೆ ಕೆಲಸ ಕೊಟ್ಟು ಏನರ ಆದ್ರ ಪಾಪ ನಮಗ ಬರ್ತದ ಅಂತಾರ. ಉಪವಾಸ ಕೆಡವಿದ್ರ ಪಾಪ ಯಾರಿಗೆ ಬರ್ತದ ಅಂತ ಯಾರೂ ಹೇಳಲಿಲ್ಲ.

ದೊಡ್ಡವ್ವನ ರೊಟ್ಟಿ ಇತ್ತು ಖರೆ. ಆದ್ರ ಒಬ್ಬಾಕಿ ಬಡದದ್ದು, ತಿನ್ನೋ ಬಾಯಿ ಎರಡೂವರಿ.

ಏಳನೇ ತಿಂಗಳದಾಗ ಅತ್ತಿ ಹೇಳಿ ಕಳಿಸಿದಳು, ಕುಬಸ ಮಾಡ್ತೀವಿ ಬಾ ಅಂತ. ಕಾರ ಹುಣ್ಣಿಮಿ ಮುಗಿದಿತ್ತು. ಕುಬಸ ಅಂದ್ರ ನಿಮಗ ಗೊತ್ತೇ ಅದ, ಹಸರು ಕುಬಸ, ಹಸರು ಬಳಿ, ಐದು ಮಂದಿ ಮುತ್ತೈದೇರು ಉಡಿ ತುಂಬೋದು. ದೊಡ್ಡವ್ವಗ ಜ್ವರ ಇತ್ತು, ನಾ ಒಬ್ಬಾಕೇ ಹೋದೆ. ಅತ್ತಿ ಮನ್ಯಾಗ ಇರೋರು ಅತ್ತಿ, ನನ್ನ ಗಂಡನ ಅಣ್ಣ ಅಂದ್ರ ಭಾವ, ಭಾವನ ಹೆಂಡತಿ. ಹೊಲ ಅಣ್ಣತಮ್ಮರ ಇಬ್ಬರದೂ ಕೂಡಿ ಇದ್ದದ್ದು, ಪಾಲು ಆಗಿಲ್ಲ. ಅದರ ಜೋಡಿ ಬಾವಿ ಕಡಿ ಒಂದು ಸಣ್ಣ ಬಾಳಿ ತೋಟ. ಕೆಂಪು ಬಾಳಿ. ಗೊನಿ ಬರ್ಲಿಕ್ಕೆ ವರ್ಷದ ಮ್ಯಾಲ ಆಗ್ತದ, ಆದ್ರ ಬಂದಾಗ ನೋಡ್ಬೇಕು.

ಉಡಿ ತುಂಬಿದರು. ಐದು ಹಿಡಿ ಜ್ವಾಳ, ಕೊಬ್ರಿ ಬಟ್ಟಲ, ಅರಿಷಿಣ ಕೊಂಬು, ಉತ್ತತ್ತಿ, ಅಡಕಿ. ಹೆಂಗಸರು ಹಾಡ್ಲಕತ್ತಿದ್ದರು. ಭಾವ ಹೊರಗಿಂದ ಬಂದು ಬಾಗಲದಾಗ ನಿಂತ. ನಿಂತಾಂವ ಸುಮ್ಮ ನಿಂದ್ರಬೇಕಿಲ್ಲ?

"ಜಿನ್ನಿನ್ಯಾಗ ಹತ್ತಿ ಹಾರಾಡ್ತದ" ಅಂದ. "ಯಾರ ಹತ್ತಿ ಯಾರ ಚೀಲಕ್ಕ ಬಿತ್ತೋ ಯಾರು ಕಂಡಾರ."

ಹಾಡು ನಿಂತಿತು. ನಾ ಅತ್ತಿ ಮಾರಿ ನೋಡಿದೆ. ಆಕಿ ಒಂದು ಮಾತು ಆಡ್ತಾಳ ಅಂತ ನೋಡಿದೆ. ಆಡಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಕುಂತಳು. ಆಗ ನನ್ನ ತಲಿ ಕಾಯ್ತು ನೋಡ್ರಿ. ಎದ್ದೆ, ಹೊಸ್ತಿಲಕ್ಕ ಬಂದೆ, ಉಡಿ ಗಂಟು ಬಿಚ್ಚಿ ಜ್ವಾಳ ಕೊಬ್ರಿ ಎಲ್ಲಾ ಅಲ್ಲೇ ಸುರುವಿದೆ. "ನಿಮ್ಮ ಮನಿದು ಒಂದು ಕಾಳು ನನಗೂ ಬ್ಯಾಡ, ನನ್ನ ಕೂಸಿಗೂ ಬ್ಯಾಡ" ಅಂದೆ. ಕಾಳು ಪಾವಟಿಗಿ ಮ್ಯಾಲಿಂದ ಉಳ್ಳಿ ಅಂಗಳದ ತನಕ ಹೋದವು. ಕಲಬುರಗಿ ಕಡಿ ಹೊಂಟ ಗಾಡಿ ಹತ್ತಿ ಬಂದುಬಿಟ್ಟೆ.

ನಮ್ಮ ಕಡಿ ಇದು ಸಣ್ಣ ಮಾತಲ್ಲ. ಗಂಡನ ಮನಿ ಹೊಸ್ತಿಲ ಮ್ಯಾಲ ಹೆಣ್ಮಗಳು ಉಡಿ ಸುರುವಿದಳಂದ್ರ ಆ ಮನಿ ಋಣ ತಾನೇ ಹರಕೊಂಡಂಗ. ಆಮ್ಯಾಲ ಕೇಳ್ಲಿಕ್ಕೆ ಬಾಯಿ ಇಲ್ಲ. ಅದು ನನಗ ಗೊತ್ತಿಲ್ಲ ಅಂತಲ್ಲ. ಸಿಟ್ಟು ಬಂದಾಗ ಗೊತ್ತಿದ್ದದ್ದೆಲ್ಲ ಎಲ್ಲಿ ಹೋಗ್ತದೋ ಏನೋ. ದೊಡ್ಡವ್ವಗ ಬಂದು ಏನು ಹೇಳಿದೆ? "ಕುಬಸ ಚೊಲೋ ಆಯ್ತು" ಅಂದೆ. ಆಕಿಗೆ ಜ್ವರ ಇತ್ತಲ್ಲ.

ಹತ್ತು ದಿನ ಆಗೂದ್ರಾಗ ಹಿಟ್ಟಿನ ಡಬ್ಬಿ ತಳ ಕಂಡಿತು. ಜ್ವರದಾಗ ದೊಡ್ಡವ್ವ ರೊಟ್ಟಿ ಬಡದಿರಲಿಲ್ಲ. ಆಕೇ ಅಂದಳು, "ಮಗ ಇಲ್ಲದಿದ್ರ ಏನಾಯ್ತು, ಮಗನ ಹೊಲ ಅದ ಅಲ್ಲ. ಕೂಸಿನ ಪಾಲು ಕೂಸು ತಿನ್ನಲಿ. ನಡಿ, ಮುನ್ಷಿ ಕೇಳೋಣ."

ಮುನ್ಷಿ ಅಂದ್ರ ಕಚೇರಿ ಮುಂದ ಹುಣಸಿ ಗಿಡದ ಬುಡಕ್ಕ ಕುಂತು ಮಂದಿಗೆ ಅರ್ಜಿ ಬರದು ಕೊಡೋ ಮುದುಕ. ದೊಡ್ಡವ್ವನ ರೊಟ್ಟಿ ಗಿರಾಕಿ. ಹಲ್ಲು ಇಲ್ಲ, ರೊಟ್ಟಿ ಹಾಲಿನ್ಯಾಗ ನೆನಸಿ ತಿಂತಾನ. ಅಂವನ ಮುಂದಿನ ಸಣ್ಣ ಪೆಟ್ಟಿಗಿ, ಮಸಿ ಕುಡಿಕಿ, ಬರಿಯೋ ಬೊರು ನೋಡಿದ್ರ ನನಗ ಬ್ಯಾರೆ ಏನೂ ಬ್ಯಾಡ ಅನ್ನಿಸ್ತಿತ್ತು. ಉರ್ದು ಅಕ್ಷರ ಬಲಗಡಿಂದ ಎಡಕ್ಕ ಹರೀತಿದ್ದವು, ಇರವಿ ಸಾಲು ಹಿಡಿದಂಗ.

"ಇದು ಏನು ಬರದ್ರಿ?" ಅಂದೆ.

"ನಿನ್ನ ಗಂಡ ಓಡಿ ಹೋದ ಅಂತ."

"ಓಡಿ ಹೋಗಿಲ್ಲ ರೀ, ರೈಲಿನ್ಯಾಗ ಹೋಗ್ಯಾನ."

"ಅರೆ ಬೇಟಿ, ರೈಲ್ ಓಡ್ತದ ಹೌದಿಲ್ಲೋ?" ಅಂದು ಬೊಚ್ಚ ಬಾಯಿ ಬಿಟ್ಟು ನಕ್ಕ.

ಬರದು ಮುಗಿಸಿ ನಮ್ಮನ್ನ ಒಳಗ ಕಾರಕೂನನ ತನಕ ಕರಕೊಂಡು ಹೋದ. ಕಾರಕೂನ ಕಾಗದ ಓದಿದ, ನನ್ನ ನೋಡಿದ, ಮತ್ತ ಕಾಗದ ನೋಡಿದ.

"ಅನ್ನ ಬಟ್ಟಿ ಬೇಡಿದ್ದು ಯಾರಿಗೆ?"

"ಕೂಸಿಗೆ ರೀ" ಅಂದೆ.

"ಕೂಸು ಎಲ್ಲಿ ಅದ?"

ನಾ ಹೊಟ್ಟಿ ತೋರಿಸಿದೆ.

"ಹೊರಗ ಬರ್ಲಿ. ಬಂದ ಮ್ಯಾಲ ಕರಕೊಂಡು ಬರ್ರಿ, ಅಂಗೂಠಾ ಒತ್ತಿಸೋಣ."

ಅಲ್ಲಿ ಇದ್ದವರೆಲ್ಲ ನಕ್ಕರು. ದೊಡ್ಡವ್ವ ಬಿಡ್ತಾಳೇನು? "ಸಾಹೇಬ್ರ, ನೀವು ಹೊಟ್ಟ್ಯಾಗ ಇದ್ದಾಗ ನಿಮ್ಮವ್ವ ಗಾಳಿ ತಿಂದು ಕುಂತಿದ್ದಳೇನ್ರಿ?" ಅಂದಳು. ಮುನ್ಷಿ ಆಕಿ ಸೆರಗು ಹಿಡದು ಎಳಕೊಂಡು ಹೊರಗ ಬಂದ. ಇಲ್ಲಾಂದ್ರ ಆವತ್ತು ನಮ್ಮಿಬ್ಬರದೂ ಅಂಗೂಠಾ ಬ್ಯಾರೆ ಯಾವುದಕ್ಕರ ಒತ್ತಿಸ್ತಿದ್ದರು.

ಹುಣಸಿ ಗಿಡದ ಬುಡಕ್ಕ ಬಂದು ಅಂವ ಸಮಾಧಾನ ಮಾಡಿ ಹೇಳಿದ. ಹುಟ್ಟಲಾರದ ಕೂಸಿಗೆ ಇಲ್ಲಿ ಬಾಗಲ ಇಲ್ಲ. ಹುಟ್ಟಿದ ಮ್ಯಾಲ ಬಂದ್ರೂ ತಾರೀಖಿನ ಮ್ಯಾಲ ತಾರೀಖು. ಅದಕ್ಕಿಂತ ಕಮಲಾಪುರದ ಪಂಚರ ಮುಂದ ಹೋಗ್ರಿ, ಹೊಲ ಅಲ್ಲೇ ಅದ, ಮಂದಿ ಅಲ್ಲೇ ಅದಾರ, ಅವರ ಮಾತಿಗೆ ಭಾವ ಅಂಜ್ತಾನ. ಹಿರೇ ಪಂಚಗ ಅಂತ ಇನ್ನೊಂದು ಕಾಗದ ಬರದು ಕೊಟ್ಟ. ಮೊದಲಿಂದು ಅರ್ಜಿನೂ ನನ್ನ ಕೈಯಾಗೇ ಇಟ್ಟ, ಆಮ್ಯಾಲ ಬೇಕಾದೀತು ಅಂತ. ಅದರ ಕೆಳಗ ನಾ ಕನ್ನಡದಾಗ ನನ್ನ ಹೆಸರು ಬರದಿದ್ದೆ. ಅಂವ ಅದನ್ನ ತಿರುವಿ ತಿರುವಿ ನೋಡಿ, "ವ್ಹಾ, ಗುಂಡಗ ಜಿಲೇಬಿ ಹಂಗ ಅದ" ಅಂದ. ನನಗ ಇಷ್ಟು ಖುಷಿ ಆಯ್ತು, ಬಂದ ಕೆಲಸ ಮರತಂಗಾಯ್ತು.

ಹೊರಡೋ ಮುಂದ ಒಂದು ಮಾತು ಕೇಳಿದ. "ಖರೆ ಹೇಳು ಬೇಟಿ. ನಿನ್ನ ಮ್ಯಾಲ ಎಸೀಲಿಕ್ಕೆ ಅವರ ಕೈಯಾಗ ಏನರ ಕಲ್ಲು ಅದ ಏನು?"

"ಇಲ್ಲ ರೀ" ಅಂದೆ.  ದೊಡ್ಡವ್ವ ಬಾಜೂಕೇ ನಿಂತಿದ್ದಳು.

ಎರಡು ದಿನ ಬಿಟ್ಟು ಎಣ್ಣಿ ವ್ಯಾಪಾರದ ಗಾಡಿ ಕಮಲಾಪುರಕ್ಕ ಹೊಂಟಿತ್ತು, ಹತ್ತಿದೆವು. ಮಳಿ ಆಗಿತ್ತು. ಕರೀ ಮಣ್ಣು ಗಾಲಿಗೆ ಹತ್ತಿ ಹತ್ತಿ ಗಾಲಿ ಎರಡರಷ್ಟು ಆಗಿದ್ದವು, ಗಾಡಿಯಾಂವ ಇಳಿದು ಕೋಲಿಲೆ ಕೆರೆಯೋದು, ಮತ್ತ ಹತ್ತೋದು. ಎರಡೂ ಕಡಿ ತೊಗರಿ ಬಿತ್ತಲಕತ್ತಿದ್ದರು. ಮಹಾಗಾಂವದಾಗ ಎತ್ತು ಬಿಚ್ಚಿದರು. ಬೇವಿನ ಗಿಡದ ಕೆಳಗ ಕುಂತು ರೊಟ್ಟಿ ಪುಂಡಿಪಲ್ಯ ತಿನ್ನೋ ಮುಂದ ದೊಡ್ಡವ್ವ ಅಂದಳು:

"ಉಡಿ ಕಾಳು ತಂದಿ ಇಲ್ಲೋ?"

ನನ್ನ ಕೈಯಾಗಿನ ತುತ್ತು ಅಲ್ಲೇ ನಿಂತಿತು.

"ಕುಬಸದ ಉಡಿ ಕಾಳವ್ವ. ಪಂಚರ ಮುಂದ ಗಂಟು ಇಟ್ಟುಬಿಟ್ರ ಮುಗೀತು. ನೀವೇ ತುಂಬಿದ ಉಡಿ, ಹಂಗಾದ್ರ ಕೂಸು ನಿಮ್ಮದೇ ಅಂತ. ಕಾಗದ ಗೀಗದ ಏನೂ ಬ್ಯಾಡ." ಆಕಿ ಇನ್ನೂ ಹೇಳ್ತಾನೇ ಇದ್ದಳು. ಆ ಕಾಳು ಬೀಸಬಾರದು, ಮಾರಬಾರದು, ಬ್ಯಾರೆಯವರಿಗೆ ಕೊಡಬಾರದು. ದೇವರ ಜಗಲಿ ಮ್ಯಾಲ ಗಂಟು ಕಟ್ಟಿ ಇಟ್ಟು, ಕೂಸಿನ ತೊಟ್ಟಲ ದಿನ ಗುಗ್ಗರಿ ಹಾಕಿ, ಮೊದಲ ತುತ್ತು ಬಾಣಂತಿ ತಿನ್ನಬೇಕು. ನಮ್ಮವ್ವಂದು ಹಂಗೇ ಇಟ್ಟಿದ್ದರಂತ, ನಾ ಹುಟ್ಟಿದಾಗ.

"ದೊಡ್ಡವ್ವ" ಅಂದೆ. "ಕಾಳು ಇಲ್ಲ."

"ಮನ್ಯಾಗ ಬಿಟ್ಟು ಬಂದಿ?"

"ಅವರ ಹೊಸ್ತಿಲ ಮ್ಯಾಲ ಸುರುವಿ ಬಂದೀನಿ."

 ಆಕಿ ಹಣಿ ಹಣಿ ಬಡಕೊಂಡಳು. "ಅಯ್ಯ ನಿನ್ನ ಬಾಯಾಗ ಮಣ್ಣು ಹಾಕ! ಉಡಿ ಝಾಡಿಸಿ ಬಂದು ಪಾಲು ಕೇಳ್ಲಿಕ್ಕೆ ನಡದೀ? ಚುರಮರಿ ಕಾಗದದಾಗ ಇದನ್ನ ಬರದಿರಲಿಲ್ಲೇನು ನಿನಗ? ಎಲ್ಲಾ ಓದಿದಾಕಿ!" ಗಾಡಿಯಾಂವಗ, "ತಮ್ಮಾ, ಗಾಡಿ ತಿರುವು" ಅಂದಳು. ಅಂವ, "ಎಣ್ಣಿ ಡಬ್ಬಿಗೇನು ಹೇಳ್ಲಿ ಅಕ್ಕ?" ಅಂದ. ಎಣ್ಣಿ ಕಮಲಾಪುರಕ್ಕ ಹೋಗಬೇಕಿತ್ತು, ಅದಕ್ಕ ನಾವೂ ಹೋದೆವು. ಖರೆ ಹೇಳ್ತೀನಿ, ನನಗ ಅಂಜಿಕಿ ಇತ್ತು, ಆದ್ರ ಹೇಳಿದ್ದಕ್ಕ ಎದಿ ಹಗರ ಆಗಿತ್ತು. ಉಳದ ರೊಟ್ಟಿ ನಾನೇ ತಿಂದೆ. ದೊಡ್ಡವ್ವ ದಾರಿ ಪೂರ್ತಿ ಮಾರಿ ಆಕಡಿ ಮಾಡಿಕೊಂಡು ಕುಂತಳು, ಆದ್ರ ಗಾಡಿ ಕುಣಿಗಿಳಿದಾಗೊಮ್ಮೆ ಆಕಿ ಕೈ ಬಂದು ನನ್ನ ಸೊಂಟಕ್ಕ ಆನಿಸಿ ಹಿಡೀತಿತ್ತು.

ಕಮಲಾಪುರದಾಗ ರಾತ್ರಿ ದೊಡ್ಡವ್ವನ ಗುರುತಿನ ಬಳಿಗಾರ್ತಿ ಮನ್ಯಾಗ ಮಲಗಿ, ಮುಂಜಾನೆ ಚಾವಡಿಗೆ ಹೋದೆವು. ಹೊಲಕ್ಕ ಹೋಗೋ ಮೊದಲು ಪಂಚರು ಕೂಡಿದರು. ಐದು ಮಂದಿ ಇದ್ದರು, ಆದ್ರ ಮಾತು ಒಬ್ಬಂದೇ, ಹಿರೇ ಪಂಚಂದು. ಭಾಳ ವಯಸ್ಸಾದಾಂವ. ಕಣ್ಣು ಮುಚ್ಚಿಕೊಂಡು ತಂಬಾಕು ಅಗಿಯೋದು ನೋಡಿದ್ರ ನಿದ್ದಿ ಮಾಡ್ಯಾನ ಅನ್ನಬೇಕು. ಮುನ್ಷಿ ಕಾಗದ ಕೈಯಾಗ ಹಿಡದು ಮೂಸಿ ನೋಡಿ ತೊಡಿ ಕೆಳಗ ಇಟ್ಟುಕೊಂಡ. "ಕಾಗದ ಇರ್ಲಿ. ನೀನೇ ಹೇಳವ್ವ" ಅಂದ.

ಹೇಳಿದೆ. ಗಂಡ ಹೋದದ್ದು, ಕೆಲಸ ಹೋದದ್ದು, ಹಿಟ್ಟಿನ ಡಬ್ಬಿ. "ಕೂಸಿನಪ್ಪನ ಪಾಲಿನ ಜ್ವಾಳ ಕೂಸಿಗೆ ಬರ್ಲಿ ರೀ. ಅಂವ ಬರೋತನಕ. ನನಗಂತ ಏನೂ ಬ್ಯಾಡ" ಅಂದೆ.

"ನಿನಗ ಬ್ಯಾಡ ಅಂದ್ರ ಕೂಸು ಹೊಟ್ಟ್ಯಾಗ ರೊಟ್ಟಿ ಬಡಕೊಂತದ ಏನು?" ಅಂದ ಹಿರೇ ಪಂಚ, ಕಣ್ಣು ತೆಗೀಲಾರದೆ. ನಾಕು ಮಂದಿ ನಕ್ಕರು. ನನಗ ಸ್ವಲ್ಪ ಧೈರ್ಯ ಬಂತು.

ಭಾವ ಎದ್ದ. ಹತ್ತಿ ಮಾತು ತೆಗೀಲಿಲ್ಲ, ಪಂಚರ ಮುಂದ ತೆಗಿಯೋ ಧೈರ್ಯ ಅಂವಗಿಲ್ಲ. ಆದ್ರ ನಾ ಅಂಜಿದ್ದೇ ತೆಗದ. "ಹಿರಿಯಾರ, ನಾವು ಕುಬಸ ಮಾಡಿ ಉಡಿ ತುಂಬಿದೆವು. ಈಕಿ ನಮ್ಮ ಹೊಸ್ತಿಲ ಮ್ಯಾಲ ಝಾಡಿಸಿ ಹೋಗ್ಯಾಳ. ಒಂದು ಕಾಳೂ ಬ್ಯಾಡ ಅಂದಾಳ. ಐದು ಮಂದಿ ಹೆಂಗಸರು ಸಾಕ್ಷಿ ಅದಾರ. ಇನ್ನ ಯಾವ ಬಾಯಿಲೆ ಕೇಳ್ಲಕತ್ಯಾಳ?"

ಹಿರೇ ಪಂಚ ಕಣ್ಣು ತೆರದ. "ಹೌದೇನವ್ವ?"

ಸುಳ್ಳು ಹೇಳಬಹುದಿತ್ತು ಅನ್ನಂಗಿಲ್ಲ, ಐದು ಮಂದಿ ಕಂಡಿದ್ದರು. "ಹೌದ್ರಿ" ಅಂದೆ.

"ಯಾಕ?"

"ಸಿಟ್ಟು ಬಂತ್ರಿ."

"ಯಾರ ಮಾತಿಗೆ?"

ನಾ ಭಾವನ ಕಡಿ ನೋಡಲಿಲ್ಲ. ನೆಲ ನೋಡಿದೆ. ಅಂವ ಆಡಿದ ಮಾತು ಚಾವಡ್ಯಾಗ ನನ್ನ ಬಾಯಿಲೆ ಬಂತಂದ್ರ ಅದು ಊರು ತುಂಬ ಆಗ್ತದ, ನಾಳೆ ನನ್ನ ಕೂಸಿನ ಬೆನ್ನಿಗೇ ಹತ್ತತದ. "ಸಿಟ್ಟು ಬಂತ್ರಿ" ಅಂತ ಮತ್ತ ಅದೇ ಅಂದೆ. ದೊಡ್ಡವ್ವ ಹಿಂದಿಂದ ನಿಟ್ಟುಸಿರು ಬಿಟ್ಟದ್ದು ನನಗ ಕೇಳಿಸ್ತು. ಮುಗೀತು ಅನ್ನೋ ನಿಟ್ಟುಸಿರು.

ಪಂಚರು ಒಬ್ಬರ ಮಾರಿ ಒಬ್ಬರು ನೋಡಿದರು. ಆಗ ಆ ಮುದುಕ ತಂಬಾಕು ಉಗುಳಿ ಬಂದು, ನನ್ನ ಕೇಳಲಿಲ್ಲ, ಭಾವನ್ನ ಕೇಳಿದ:

"ಸುರುವಿದ ಕಾಳು ಎಲ್ಲಿ ಹೋದವು?"

"ಎಲ್ಲಿ ಹೋಗ್ತಾವ ರೀ? ಕೋಳಿ ತಿಂದವು."

"ನೀ ಕಂಡಿಯೇನು ಕೋಳಿ ತಿಂದದ್ದು?"

"ಅಂಗಳದಾಗ ಬಿದ್ದ ಜ್ವಾಳ ಮತ್ತ ಏನಾಗ್ತದ ರೀ?"

"ಅದಕ್ಕೇ ಕೇಳಿದ್ದು. ಸುರುವಿದ್ದು ಒಬ್ಬಾಕಿ. ಅದು ಆಕಿ ಸಿಟ್ಟು. ಎತ್ತಿದವರು ಯಾರರ ಅದಾರೋ ಇಲ್ಲೋ, ಅದು ಮನಿ ಮಾತು."

 ಚಾವಡಿ ಹೊರಗ, ಕಟ್ಟಿ ಕೆಳಗ, ನಾಕು ಮಂದಿ ಹೆಂಗಸರು ತಲಿ ಮ್ಯಾಲ ಸೆರಗು ಹೊತ್ತು ನಿಂತಿದ್ದರು. ಅವರೊಳಗ ಒಬ್ಬಾಕಿ ತಿರುಗಿ ಹೊಂಟಳು. ನಡಿಗಿ ಮ್ಯಾಲ ಗುರುತು ಹಿಡದೆ, ನಮ್ಮ ಅತ್ತಿ. ಆಕಿ ಒಂದು ಕಾಲು ಎಳದು ಹಾಕ್ತಾಳ. ನನಗ ಅನ್ನಿಸ್ತು, ನೋಡು, ಇವತ್ತೂ ಸುಮ್ಮ ಎದ್ದು ಹೋದಳು ಅಂತ. ಅವರ ಮನಿ ಚಾವಡಿಯಿಂದ ದೂರ ಇಲ್ಲ, ಆದ್ರ ಆಕಿ ಹೋಗಿ ಬರೋತನಕ ಪಂಚರು ಮಳಿ ಬಗ್ಗೆ, ಬೀಜದ ಬಗ್ಗೆ ಎಲ್ಲಾ ಮಾತಾಡಿ ಮುಗಿಸಿದರು. ನಾ ನಿಂತೇ ಇದ್ದೆ. 

ಬಂದಳು. ಪಂಚರು ಕರೀಲಾರದ ಹೆಂಗಸರು ಚಾವಡಿ ಕಟ್ಟಿ ಹತ್ತಂಗಿಲ್ಲ. ಕೆಳಗ ನಿಂತೇ ಕೈ ಮ್ಯಾಲ ಮಾಡಿ ಒಂದು ಗಂಟು ಕಟ್ಟಿ ಮ್ಯಾಲ ಇಟ್ಟಳು. ಹಸರು ಖಣದ ತುಂಡಿನ್ಯಾಗ ಕಟ್ಟಿದ್ದು, ಮ್ಯಾಲ ಅರಿಷಿಣ ಕುಂಕುಮ.

ಹಿರೇ ಪಂಚ ಬಿಚ್ಚಿದ. ಜ್ವಾಳ. ಕೊಬ್ರಿ ಬಟ್ಟಲ ಒಂದು ಕಡಿ ಒಡದಿತ್ತು. ಅರಿಷಿಣ ಕೊಂಬು, ಉತ್ತತ್ತಿ, ಅಡಕಿ. ಜ್ವಾಳದಾಗ ಸಣ್ಣ ಸಣ್ಣ ಹಳ್ಳು ಸುದ್ದಾ ಇದ್ದವು, ಅಂಗಳದ್ದು.

"ಇದೇನವ್ವ?"

"ನನ್ನ ಮಗನ ಕೂಸಿನ ಉಡಿ ರೀ" ಅಂದಳು ಅತ್ತಿ. ಧ್ವನಿ ಸಣ್ಣಗಿತ್ತು, ಆದ್ರ ಎಲ್ಲರಿಗೂ ಕೇಳಿಸ್ತು. "ಪಾವಟಿಗಿ ಸಂದಿಗೆ ಹೋದದ್ದು ಸೂಜಿಲೆ ತೆಗದೀನಿ. ಮೂರು ದಿನ ಹಿಡೀತು, ಜಗಲಿ ಮ್ಯಾಲ ಇಟ್ಟಿದ್ದೆ. ಕೋಳಿ ತಿನ್ನಲಿಕ್ಕೆ ಅದೇನು ಕೋಳಿ ಮರಿ ಉಡಿ ಏನ್ರಿ?"

ನಕ್ಕರು ನೋಡ್ರಿ, ಚಾವಡಿ ತುಂಬ ನಕ್ಕರು. ಭಾವನೂ ನಗಲೋ ಬ್ಯಾಡೋ ಅಂತ ಮೀಸಿ ಮ್ಯಾಲ ಕೈ ಇಟ್ಟುಕೊಂಡ. ದೊಡ್ಡವ್ವ ಒಬ್ಬಾಕಿ ಅಳ್ಲಕತ್ತಳು, ಜೋರಾಗಿ, ಸತ್ತವರ ಮನ್ಯಾಗ ಅತ್ತಂಗ. ನಾ ಅಲ್ಲೇ ಕುಂತೆ. ಯಾರೋ ನೀರು ಕೊಟ್ಟರು.

ಹಿರೇ ಪಂಚ ಗಂಟು ತಿರುಗಿ ಕಟ್ಟಿದ. "ಗಂಡನ ಮನಿ ಹೆಂಗಸು ಎತ್ತಿ ಜಗಲಿ ಮ್ಯಾಲ ಇಟ್ಟ ಮ್ಯಾಲ ಉಡಿ ಚೆಲ್ಲಿಲ್ಲ. ಋಣ ಹರದಿಲ್ಲ" ಅಂದ. ಹೇಳಿದ್ದು ಇಷ್ಟು: ತಮ್ಮ ಬರೋತನಕ ತಮ್ಮನ ಪಾಲಿನ ಜ್ವಾಳ ತೊಗರಿ ಕೂಸಿನ ತಾಯಿಗೆ ಮುಟ್ಟಬೇಕು, ಎಲ್ಲಿದ್ದರೂ ಮುಟ್ಟಬೇಕು. ಬಾಣಂತನಕ್ಕ ಒಂದು ಹಯನದ ಎಮ್ಮಿ. ಬಾಳಿ ತೋಟದಾಗ ತಮ್ಮ ಹಚ್ಚಿದ ಸಾಲು ಕೂಸಿಂದು. "ಮುಟ್ಟಿಸೋನು ನೀನೇ" ಅಂತ ಭಾವಗ ಬೊಟ್ಟು ಮಾಡಿದ. "ಆಳಿನ ಕೈಲೆ ಕಳಸಂಗಿಲ್ಲ. ನೀನೇ ಗಾಡಿ ಹೊಡಕೊಂಡು ಹೋಗಬೇಕು." ಆಮ್ಯಾಲ ನನ್ನ ಕಡಿ ತಿರುಗಿ, "ನೀನೂ ಕೇಳು. ಇನ್ನೊಮ್ಮೆ ಸಿಟ್ಟು ಬಂದ್ರ ನೀರು ಕುಡಿ. ಕಾಳು ಸುರುವಬ್ಯಾಡ. ನಿಮ್ಮತ್ತಿ ಕಣ್ಣು ಮಂದ ಅದಾವ" ಅಂದ.

ಮಧ್ಯಾಹ್ನ ಅತ್ತಿ ಮನ್ಯಾಗೇ ಉಂಡೆವು. ಅದೇ ಹೊಸ್ತಿಲು ದಾಟೋ ಮುಂದ ನನ್ನ ಕಾಲು ತಡೀತು. ಅತ್ತಿ ಕೈ ಹಿಡದು ಎಳಕೊಂಡಳು. ಬಾಗಲ ಮರಿಗೆ ನಿಂದ್ರಿಸಿ ನನ್ನ ಗಲ್ಲ ಹಿಂಡಿದಳು, ಜೋರಾಗೇ ಹಿಂಡಿದಳು.

"ಆವತ್ತು ಯಾಕ ಸುಮ್ಮ ಕುಂತಿ ಅತ್ತಿ? ಒಂದು ಮಾತು ಆಡಬೇಕಿಲ್ಲೇನು?" ಅಂದೆ.

"ಆಡ್ತಿದ್ದೆ. ಬಾಯಿ ತೆಗಿಯೋದ್ರಾಗ ನೀ ಎದ್ದು ಸುರುವಿಬಿಟ್ಟಿ. ನನ್ನ ಬಾಯಿ ನಿನ್ನಷ್ಟು ಜಲ್ದಿ ಇಲ್ಲವ್ವ" ಅಂದಳು. ಹಂಗಂದು ಸುಮ್ಮ ಆಗಲಿಲ್ಲ. "ನೀ ಹೋದ ಮ್ಯಾಲ ಅಂವಗ ಅಂದೆ, ಅನ್ನಬಾರದ್ದು ಎಲ್ಲಾ ಅಂದೆ. ನೀ ಕೇಳ್ಲಿಕ್ಕೆ ಇರಲಿಲ್ಲ."

ತಿರುಗಿ ಬರೋ ಮುಂದ ಭಾವನೇ ಗಾಡಿ ಕಟ್ಟಿದ. ಜ್ವಾಳದ ಚೀಲ, ತೊಗರಿ ಬ್ಯಾಳಿ, ಮ್ಯಾಲ ಒಂದು ಗೊನಿ ಕೆಂಪು ಬಾಳಿಹಣ್ಣು. ಮಹಾಗಾಂವ ಬರೋತನಕ ಒಂದು ಮಾತು ಆಡಲಿಲ್ಲ. ಅದೇ ಬೇವಿನ ಗಿಡದ ಕೆಳಗ ಎತ್ತು ಬಿಚ್ಚಿ, ಒಂದು ಹಣ್ಣು ಮುರದು ನನ್ನ ಕಡಿ ಹಿಡದ.

"ತಿನ್ನು. ಹಾದ್ಯಾಗ ಸುರುವಬ್ಯಾಡ" ಅಂದ.

ದೊಡ್ಡವ್ವ ಬಿಡಲಿಲ್ಲ. "ಸಿಪ್ಪಿ ಮಾತ್ರ ಇಲ್ಲೇ ಸುರುವತೀವಪ್ಪ, ಎಣಿಸ್ಕೊಂಡು ಹೋಗಿ ನಿಮ್ಮವ್ವಗ ಕೊಡು." ಅಂವ ಎತ್ತಿನ ಕಡಿ ಮಾರಿ ಮಾಡಿದ, ಆದ್ರ ಬೆನ್ನು ಅಳ್ಳಾಡಿದ್ದು ಕಾಣಿಸ್ತು, ನಗಲಕತ್ತಿದ್ದ. ಹತ್ತಿ ಮಾತಿಗೆ ಅಂವ ತಪ್ಪಾಯ್ತು ಅಂದಿಲ್ಲ, ಇವತ್ತಿಗೂ ಅಂದಿಲ್ಲ. ನಾನೂ ಕೇಳಿಲ್ಲ. ಆದ್ರ ಜ್ವಾಳ ಒಂದು ಸಲನೂ ತಪ್ಪಿಲ್ಲ.

ಮುನ್ಷಿಗೆ ಎರಡು ಬಾಳಿಹಣ್ಣು ಒಯ್ದು ಕೊಟ್ಟೆ, ಹಲ್ಲು ಬೇಕಾಗಿಲ್ಲಲ್ಲ. ಎಲ್ಲಾ ಹೇಳಿದೆ, ಕಲ್ಲು ಮುಚ್ಚಿಟ್ಟದ್ದೂ ಹೇಳಿದೆ. ಅಂವ, "ಮಾಲೂಮ್ ಥಾ, ಗೊತ್ತಿತ್ತು" ಅಂದ. "ನಿನ್ನ ಮಾರಿ ಮ್ಯಾಲೇ ಬರದಿತ್ತು. ಅದೂ ಕನ್ನಡದಾಗ, ದೊಡ್ಡ ಅಕ್ಷರದಾಗ." ಹಳೀ ಅರ್ಜಿ ಹರಿಯಲೇನು ಅಂದ. ನಾ ಬ್ಯಾಡ ಅಂದೆ, ಹಿಂದಿನ ಮಗ್ಗಲು ಖಾಲಿ ಇತ್ತು. ಇದೆಲ್ಲ ಅದರ ಮ್ಯಾಲೇ ಬರೀಲಿಕ್ಕೆ ಸುರು ಮಾಡಿದ್ದು, ಆಮ್ಯಾಲ ಸಾಲಲಿಲ್ಲ, ಅಂಗಡಿ ಕಾಗದ ತಂದೆ. ಮುಂದಿನ ಮಗ್ಗಲಿನ ಉರ್ದು ಒಂದೊಂದೇ ಅಕ್ಷರ ಅಂವನ ಹತ್ರ ಕೇಳ್ಲಕತ್ತೀನಿ. 'ಓಡಿ ಹೋದ' ಅಂತ ಎಲ್ಲಿ ಅದ ಅಂತ ಈಗ ನನಗ ಗೊತ್ತು.

ಕೂಸು ಶ್ರಾವಣದಾಗ ಹುಟ್ಟಿತು. ಹೆಣ್ಣು. ತೊಟ್ಟಲ ದಿನ ಅತ್ತಿ ಕಮಲಾಪುರದಿಂದ ಆ ಹಸರು ಗಂಟು ಮಡಿಲಾಗ ಇಟ್ಟುಕೊಂಡೇ ಬಂದಳು. ಹಿಂದ ಭಾವ ಎಮ್ಮಿ ಹೊಡಕೊಂಡು ಬಂದ. ಮೋಮಿನಪುರದ ಓಣ್ಯಾಗ ಆ ಎಮ್ಮಿ ತರೋದು ಅಂದ್ರ, ಅರ್ಧ ಓಣಿ ದಾರಿ ಬಿಡಿಸಿತು, ಅರ್ಧ ಓಣಿ ಅಡ್ಡ ನಿಂತು ಸಲಹಾ ಕೊಟ್ಟಿತು. ದೊಡ್ಡವ್ವ ಜ್ವಾಳ ತೊಳದು ತೊಳದು ಹಳ್ಳು ಆರಿಸಿದಳು, ಗುಗ್ಗರಿ ಹಾಕಿದಳು. ಮೊದಲ ತುತ್ತು ಅತ್ತಿ ನನ್ನ ಬಾಯಿಗೆ ಇಟ್ಟಳು. ಕಟಕ್ ಅಂತು. ಒಂದು ಹಳ್ಳು ಉಳಿದಿತ್ತು.

"ಉಗುಳು ಉಗುಳು" ಅಂದಳು ದೊಡ್ಡವ್ವ.

"ಹೊಸ್ತಿಲ ಮ್ಯಾಲ ಬ್ಯಾಡ" ಅಂದ ಭಾವ ಹೊರಗ ಕುಂತೇ.

ಮುಂಬೈಯಿಂದ ಇನ್ನೂ ಸುದ್ದಿ ಇಲ್ಲ. ಬರ್ತದೋ ಇಲ್ಲೋ. ಮೊದಲು ದಿನಾ ರೈಲಿನ ಸಪ್ಪಳಕ್ಕ ಎದ್ದು ಕೂಡ್ತಿದ್ದೆ. ಈಗ ಕೂಸು ಎಬ್ಬಿಸಿದ್ರ ಏಳ್ತೀನಿ. ಡಬ್ಬ್ಯಾಗ ಹಿಟ್ಟು ಅದ. ಮೊನ್ನೆ ಕೂಸು ನನ್ನ ಮಡಿಲಾಗ ಮಲಗಿ ಈ ಕಾಗದದ ಒಂದು ತುದಿ ಬಾಯಿಗೆ ಹಾಕ್ಕೊಂಡು ಚೀಪಲಕತ್ತಿತ್ತು. ಅದರಪ್ಪ ಹೇಳಿದ್ದು ನೆನಪಾಯ್ತು, ನಗು ಬಂತು. ಬಿಡಿಸಿ ನೋಡಿದ್ರ ಎರಡು ಸಾಲು ಹೋಗಿದ್ದವು. ಅದನ್ನೇ ಈಗ ತಿರುಗಿ ಬರದೀನಿ.